ಕಿಟಕಿಯೂ ಮಾರಾಟಕ್ಕಿದೆ

ಬಸ್ಸಿನ ಮೈಮೇಲೆ ಜಾಹೀರಾತು ಬರೆಸುವುದು ಹೊಸತೇನಲ್ಲ. ಲಂಡನ್ನಿನಲ್ಲಿ 1969ರಲ್ಲೇ ಒಂದು ಡಬಲ್ ಡೆಕರ್ ಬಸ್ಸು ತನ್ನ ಕೆಂಪು ಬಣ್ಣ ಕಳಚಿ, ಸಿಲೆಕ್ಸಿನ್ ಎಂಬ ಪೇಂಟಿನ ಜಾಹೀರಾತಾಗಿ ಓಡಾಡಿತ್ತು. ಆಗ ಗಾಜಿನ ತಂಟೆಗೆ ಯಾರೂ ಹೋಗಲಿಲ್ಲ. ಕಿಟಕಿಯನ್ನೂ ಮಾರಬಹುದೆಂದು ತೋರಿಸಿಕೊಟ್ಟದ್ದು ಸಣ್ಣ ತೂತುಗಳುಳ್ಳ ವಿನೈಲ್ ಹಾಳೆ.

ಇದರ ಹೊರಮೈಯಲ್ಲಿ ಚಿತ್ರ, ಒಳಮೈ ಕಪ್ಪು. ಹಗಲಿನಲ್ಲಿ ಬೆಳಕು ಬಿದ್ದ ಚಿತ್ರ ಬೀದಿಯವರ ಕಣ್ಣು ಸೆಳೆಯುತ್ತದೆ; ಒಳಗೆ ನೆರಳಿನಲ್ಲಿ ಕುಳಿತವರಿಗೆ ಕಪ್ಪು ಮರೆಯಾಗಿ ತೂತುಗಳಾಚೆಯ ಬೀದಿಯೇ ಕಾಣುತ್ತದೆ. ಬೇಲೂರಿನ ಗುಡಿಯ ಜಾಲಂಧ್ರಗಳದೂ ಹೆಚ್ಚುಕಡಿಮೆ ಇದೇ ಯುಕ್ತಿ. ಆದರೆ ಗುಡಿಯೊಳಗೆ ಕುಳಿತು ಇಳಿಯುವ ಸ್ಟಾಪು ಹುಡುಕುವ ತಾಪತ್ರಯ ಯಾರಿಗೂ ಇಲ್ಲ!

ಸಂಜೆ ಬಸ್ಸಿನೊಳಗೆ ದೀಪ ಹತ್ತಿದೊಡನೆ ಲೆಕ್ಕ ತಿರುಗುಮುರುಗಾಗುತ್ತದೆ. ಹೊರಗಿನವರಿಗೆ ಒಳಗಿನ ತಲೆಗಳು ಕಾಣುತ್ತವೆ, ಒಳಗಿನವರಿಗೆ ಗಾಜಿನಲ್ಲಿ ತಮ್ಮದೇ ಮುಖ. ಮಳೆ ಬಂದರೆ ತೂತುಗಳಲ್ಲಿ ನೀರು ನಿಂತು ಎಲ್ಲವೂ ಕಲಸಿಹೋಗುತ್ತದೆ. ಊರು ಗೊತ್ತಿಲ್ಲದವರು ಪ್ರತಿ ಸ್ಟಾಪಿಗೂ ಕಂಡಕ್ಟರನ್ನು ಕೇಳಬೇಕು. ಸಾರಿಗೆ ಸಂಸ್ಥೆಗಳಿಗೆ ಜಾಹೀರಾತಿನ ಹಣ ಬೇಕು, ನಿಜ. ಆದರೆ ಅದರ ಬೆಲೆ ತೆರುವವರು ಪ್ರಯಾಣಿಕರು.

ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪೈಕಿ 100ನೆಯದು, ಪಕ್ಕದ ಗಾಜು ಕನಿಷ್ಠ ಶೇ. 50ರಷ್ಟು ಬೆಳಕು ಬಿಡಬೇಕೆನ್ನುತ್ತದೆ. ಹಾಳೆಯ ಅರ್ಧಭಾಗ ತೂತೇ ಇದ್ದರೂ, ಗಾಜು ತಾನೂ ಒಂದಿಷ್ಟು ಬೆಳಕು ನುಂಗುವುದರಿಂದ ಲೆಕ್ಕ ಐವತ್ತಕ್ಕೆ ಮುಟ್ಟುವುದಿಲ್ಲ. ವಾಹನದ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ತೀರ್ಪಿತ್ತಾಗ, ಅದು ಎಷ್ಟು ಬೆಳಕು ಬಿಡುತ್ತದೆಂಬ ಲೆಕ್ಕಕ್ಕೂ ಹೋಗದೆ ಅಂಟಿಸಲೇಬಾರದೆಂದಿತು.