ಜಂತಿ ಬದಲಿಸುವುದು, ಮನೆ ಬಿಚ್ಚುವುದು

ಕುಪ್ಪೇಲೂರು ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಜಂತಿಗೆ ಗೆದ್ದಲು ಹತ್ತಿದರೆ ಬಡಿಗ ಕೆಳಗೊಂದು ಆಸರೆ ಕೊಟ್ಟು, ಆ ಒಂದನ್ನೇ ಎಳೆದು ಹೊಸದನ್ನು ಕೂರಿಸುತ್ತಾನೆ. ಮಣ್ಣು ಉದುರೀತೆಂದು ಹಿಟ್ಟಿನ ಡಬ್ಬಿಗೆ ಬಟ್ಟೆ ಮುಚ್ಚಿ ಮನೆಯವರು ಒಳಗೇ ಅಡುಗೆ ಮಾಡಿಕೊಳ್ಳುತ್ತಾರೆ. ಸಂವಿಧಾನದ 368ನೇ ವಿಧಿ ಹೇಳುವುದೂ ಇಂಥ ದುರಸ್ತಿಯನ್ನೇ: ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ. ಹೊಸ ಸಂವಿಧಾನ ಸಭೆ ಕರೆಯುವ ಮಾತು ಅದರಲ್ಲಿಲ್ಲ.

ಆ ಮಾತು ಎತ್ತಿದ್ದು, ವಿಚಿತ್ರವೆಂದರೆ, ಹಕ್ಕುಗಳನ್ನು ಕಾಯಲು ಹೊರಟ ನ್ಯಾಯಾಲಯವೇ. 1967ರ ಗೋಲಕನಾಥ್ ತೀರ್ಪಿನಲ್ಲಿ 11 ನ್ಯಾಯಮೂರ್ತಿಗಳ ಪೈಕಿ ಆರು ಮಂದಿ, ಮೂಲಭೂತ ಹಕ್ಕು ಮೊಟಕು ಮಾಡುವ ಅಧಿಕಾರ ಸಂಸತ್ತಿಗಿಲ್ಲ ಎಂದರು. ತೀರಾ ಬೇಕಾದರೆ ಸಂವಿಧಾನ ಸಭೆಯನ್ನೇ ಕರೆಯಬಹುದೇನೋ ಎಂದು ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಸೂಚಿಸಿದರು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೋರಿಸಿದ ಹಾಗಾಯಿತು.

ಒಮ್ಮೆ ಕೂಡಿದ ಸಭೆಗೆ ‘ಇಷ್ಟೇ ಮುಟ್ಟು’ ಎನ್ನುವವರು ಯಾರು? ಹೊಸ ಸಂವಿಧಾನ ಸಭೆಗೆ ಇರುವ ವಿರೋಧದ ತಿರುಳು ಇದೇ. 1787ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಳೆಯ ಒಪ್ಪಂದವನ್ನು ತಿದ್ದಲೆಂದು ಕೂಡಿದವರು ಹೊಸ ಸಂವಿಧಾನವನ್ನೇ ಬರೆದು ಎದ್ದರು. ಮೂರನೇ ಎರಡರಷ್ಟು ರಾಜ್ಯಗಳು ಕೇಳಿದರೆ ಸಮಾವೇಶ ಕರೆಯಲೇಬೇಕೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಈವರೆಗೆ ಒಮ್ಮೆಯೂ ಕರೆದಿಲ್ಲ. ಎಡದವರಿಗೂ ಬಲದವರಿಗೂ ಅದರ ಹೆದರಿಕೆಯಿದೆ.

ನಮ್ಮ ಗೋಜಲು ಬಿಡಿಸಿದ್ದು ಕಾಸರಗೋಡಿನ ಕನ್ನಡ ನೆಲದ ಎಡನೀರು ಮಠದ ಕೇಸು. ಯಕ್ಷಗಾನ, ಸಂಗೀತ ಎಂದರೆ ಜೀವ ಬಿಡುತ್ತಿದ್ದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋದದ್ದು ಮಠದ ಜಮೀನಿಗಾಗಿ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಹೇಳಿದರು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಲಿ, ಮೂಲ ಸ್ವರೂಪವನ್ನು ಮಾತ್ರ ಕೆಡಿಸುವಂತಿಲ್ಲ. ಆ ಏಳರಲ್ಲಿ ಒಬ್ಬರು ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗೊತ್ತಿ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು; ಮೂವರೂ ರಾಜೀನಾಮೆ ಕೊಟ್ಟರು.

ಹಿತ್ತಿಲ ಬಾಗಿಲನ್ನು ಮತ್ತೆ ತಟ್ಟಿದ್ದು 1976ರಲ್ಲಿ. ತುರ್ತುಪರಿಸ್ಥಿತಿಯ ನಡುವೆ ಉತ್ತರದ ಕೆಲವು ವಿಧಾನಸಭೆಗಳು ಹೊಸ ಸಂವಿಧಾನ ಸಭೆ ಬೇಕೆಂದವು. ಬೇಡ ಎನ್ನಬೇಕಾದ ವಿರೋಧ ಪಕ್ಷಗಳ ಆಡ್ವಾಣಿ, ಮಧು ದಂಡವತೆ ಅಂಥವರು ಆಗಲೇ ಬೆಂಗಳೂರಿನ ಜೈಲಿನಲ್ಲಿದ್ದರು. ಸಭೆ ಕೂಡಲಿಲ್ಲ, 42ನೇ ತಿದ್ದುಪಡಿ ಬಂತು.

2000ದಲ್ಲಿ ವಾಜಪೇಯಿ ಸರ್ಕಾರ ಸಂವಿಧಾನ ಪರಿಶೀಲನೆಗೆ ಹೊರಟಾಗ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಸೋತದ್ದು ಸಂವಿಧಾನವೋ ನಾವೋ ಎಂದು ಸಂಸತ್ತಿನಲ್ಲೇ ಕೇಳಿದರು. ಕೊನೆಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿ, ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರ ನೇತೃತ್ವದಲ್ಲಿ ಆಯೋಗ ಬಂತು. ಅದರ ಹೆಸರಿನಲ್ಲಿ ಪರಿಶೀಲನೆಗೆ ಒಳಗಾಗಿದ್ದು ಸಂವಿಧಾನವಲ್ಲ, ಸಂವಿಧಾನದ ಕಾರ್ಯನಿರ್ವಹಣೆ. ಆದೇಶದಲ್ಲಿ ಎಡನೀರಿನ ಕೇಸಿನ ಮಿತಿಯೂ ಇತ್ತು, ಮೂಲ ಸ್ವರೂಪವನ್ನು ಮುಟ್ಟಬಾರದೆಂದು.