ಕೀ ಕೊಟ್ಟರೆ ಓಡುವ ಇಂಜಿನು

ಹಳೆಯ ಮನೆಗಳ ಅಟ್ಟದ ಮೇಲೆ ಅರ್ಧ ಮುರಿದ ವಸ್ತುಗಳು ಇದ್ದೇ ಇರುತ್ತವೆ. ಲೋಲಕವಿಲ್ಲದ ಗಡಿಯಾರ, ಸರಪಳಿ ಕಳೆದುಕೊಂಡ ತೂಗುದೀಪ, ಚಕ್ರ ಹೋದ ಆಟಿಕೆ. ಇಂಥವುಗಳಿಗೆ ಸಾಮಾನ್ಯವಾಗಿ ಎರಡೇ ಗತಿ. ಹಳೇ ಕಬ್ಬಿಣದವನ ತಕ್ಕಡಿಗೆ ಹೋಗುವುದು ಒಂದು. ಹೊಳೆಯುವ ಬಣ್ಣ ಬಳಿಸಿಕೊಂಡು ಗಾಜಿನ ಬೀರುವಿನಲ್ಲಿ ನಿಲ್ಲುವುದು ಇನ್ನೊಂದು. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಅದನ್ನು ನಮ್ಮ ಶಾಲೆಗೆ ಬಂದ ಆಟದ ಇಂಜಿನೊಂದರ ಮೂಲಕ ಓದುಗರ ಮುಂದಿಡಲು ಬಯಸುತ್ತೇವೆ.

ಮೊದಲು ನಮ್ಮೂರಿನ ರೈಲಿನ ಮಾತು. ಮೊರಪ್ಪೂರು ಚೆನ್ನೈ–ಸೇಲಂ ಮಾರ್ಗದ ನಿಲ್ದಾಣವೆಂದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿಂದ 1906ರಲ್ಲಿ ಧರ್ಮಪುರಿಗೆ ಕಿರುಹಳಿಯ ರೈಲೊಂದು ಹೊರಟಿತ್ತೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಎರಡು ಹಳಿಗಳ ನಡುವಣ ಅಂತರ ಕೇವಲ 2 ಅಡಿ 6 ಅಂಗುಲ. 1876–78ರ ಘೋರ ಕ್ಷಾಮವನ್ನು ಕಂಡಿದ್ದ ಈ ಸೀಮೆಗೆ ಬರಗಾಲದಲ್ಲಿ ಧಾನ್ಯ ತಲುಪಲೆಂದು ಹಾಕಿದ ಹಾದಿ ಅದು. 1913ರಲ್ಲಿ ಹೊಸೂರಿನವರೆಗೂ ಬೆಳೆಯಿತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಮುಚ್ಚಿಹೋಯಿತು, ಹಳಿಗಳನ್ನೂ ಕಿತ್ತರು.

ಆ ರೈಲಿನಲ್ಲಿ ತಂದೆಯ ತೊಡೆಯ ಮೇಲೆ ಕುಳಿತು ಧರ್ಮಪುರಿಗೆ ಹೋಗಿಬಂದ ಅಜ್ಜಿಯೊಬ್ಬರು ನಮ್ಮ ಶಾಲೆಗೆ ಸಮೀಪದ ಕನ್ನಡ ಮನೆಯೊಂದರಲ್ಲಿದ್ದಾರೆ; ವಯಸ್ಸು ತೊಂಬತ್ತು ದಾಟಿದೆ. ಅವರ ತಂದೆ ಮದರಾಸಿನಿಂದ ತಂದುಕೊಟ್ಟ ತಗಡಿನ ಇಂಜಿನೊಂದು ಅಟ್ಟ ಸೇರಿತ್ತು. ಅಜ್ಜಿಯ ಮೊಮ್ಮಗ ಅದನ್ನು ನಮ್ಮಲ್ಲಿಗೆ ತಂದು, "ಮೇಷ್ಟ್ರೇ, ಇದನ್ನು ಹೊಸದರಂತೆ ಮಾಡಿಸಿಕೊಡಿ, ಅಜ್ಜಿ ಇರುವಾಗಲೇ ಓಡಬೇಕು" ಎಂದರು. ನೋಡಿದರೆ ಕೀಲಿ ಇಲ್ಲ, ಹಿಂದೆ ಕೂಡಿಸುವ ಕಲ್ಲಿದ್ದಲಿನ ಟೆಂಡರು ಇಲ್ಲ, ಒಳಗಿನ ಹಲ್ಲುಚಕ್ರವೊಂದು ಇಲ್ಲ. ನಾಲ್ಕು ಚಕ್ರಗಳಲ್ಲಿ ಎರಡು ಪುಡಿಯಾಗಿವೆ, ಒಂದು ಬಿರುಕು ಬಿಟ್ಟಿದೆ, ಒಂದೇ ಒಂದು ಗಟ್ಟಿಯಾಗಿದೆ. ತಯಾರಕರ ಗುರುತು ಅಳಿಸಿಹೋಗಿದೆ.

ಇಂಥ ಕೆಲಸದಲ್ಲಿ ಮೊದಲ ನಿಯಮ ತಾಳ್ಮೆ. ಬಿಚ್ಚುವ ಮುನ್ನ ಪ್ರತಿ ಬದಿಯ ಚಿತ್ರ ತೆಗೆದಿಡಬೇಕು; ಕಳಚಿದ ಪ್ರತಿ ತಿರುಪನ್ನೂ ಅದರ ಸ್ಥಾನ ಬರೆದ ಪೊಟ್ಟಣದಲ್ಲಿಡಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದುದರಿಂದ ಉಪ್ಪುಕಾಗದದಿಂದ ಉಜ್ಜಲೇಬಾರದು. ಆ ಧೂಳು ಮಕ್ಕಳ ಮೈಗೆ ವಿಷ. ಸ್ಪ್ರಿಂಗು ಸುತ್ತಿಕೊಂಡೇ ಇದ್ದರೆ ಅದನ್ನು ನಿಧಾನವಾಗಿ ಸಡಿಲಿಸದೆ ಕವಚ ತೆರೆಯಬಾರದು. ಉಕ್ಕಿನ ಪಟ್ಟಿ ಚಿಮ್ಮಿದರೆ ಬೆರಳು ಕೊಯ್ಯುತ್ತದೆ.

ಕೀ ಕೊಟ್ಟಾಗ ಒಳಗೆ ನಡೆಯುವುದು ಸರಳ ಸಂಗತಿ. ಸುರುಳಿಯಾದ ಸ್ಪ್ರಿಂಗು ಬಿಗಿಯಾಗುತ್ತದೆ. ಹಿಂದಕ್ಕೆ ತಿರುಗದಂತೆ ಚಿಕ್ಕದೊಂದು ಕೊಕ್ಕೆ ಅದನ್ನು ತಡೆದಿರುತ್ತದೆ. ಬಿಟ್ಟೊಡನೆ ಸ್ಪ್ರಿಂಗಿನ ಬಲ ಹಲ್ಲುಚಕ್ರಗಳ ಸಾಲಿನ ಮೂಲಕ ಗಾಲಿಗೆ ಹರಿಯುತ್ತದೆ. ಸಾಲಿನಲ್ಲಿ ಒಂದು ಚಕ್ರ ಇಲ್ಲದಿದ್ದರೂ ಬಲ ಅಲ್ಲಿಯೇ ನಿಲ್ಲುತ್ತದೆ.

ಕಾಣದ ಆ ಚಕ್ರವನ್ನು ಕಂಡುಕೊಳ್ಳುವುದು ಹೇಗೆ? ಉಳಿದ ಚಕ್ರವನ್ನೇ ಕೇಳಬೇಕು. ಉದಾಹರಣೆಗೆ, ಉಳಿದದ್ದರಲ್ಲಿ 40 ಹಲ್ಲುಗಳು, ಹೊರವ್ಯಾಸ 21 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಬಂದ 42ರಿಂದ ವ್ಯಾಸವನ್ನು ಭಾಗಿಸಿದರೆ ಅರ್ಧ ಮಿಲಿಮೀಟರು. ಇದು ಹಲ್ಲಿನ ಗಾತ್ರದ ಅಳತೆ; ಕೂಡಿ ತಿರುಗುವ ಎರಡು ಚಕ್ರಗಳಿಗೂ ಒಂದೇ. ಅಚ್ಚುಗಳ ಎರಡು ರಂಧ್ರಗಳ ನಡುವಣ ದೂರ 12.5 ಮಿಲಿಮೀಟರಾದರೆ, ಅದರ ಇಮ್ಮಡಿ 25. ಅದನ್ನು ಅರ್ಧದಿಂದ ಭಾಗಿಸಿದರೆ 50. ಎರಡೂ ಚಕ್ರಗಳ ಹಲ್ಲು ಸೇರಿ 50. ಅದರಲ್ಲಿ 40 ಕಳೆದರೆ ಕಳೆದುಹೋದದ್ದಕ್ಕೆ 10 ಹಲ್ಲು. ಲೆಕ್ಕದಲ್ಲಿ ಬೇಸರಪಡುವ ನಮ್ಮ ಹುಡುಗರೇ ಇದನ್ನು ಕರಿಹಲಗೆಯ ಮೇಲೆ ಮಾಡಿ ಹಿಗ್ಗಿದರು. ನಮ್ಮ ಇಂಜಿನಿಗೂ ಇದೇ ರೀತಿಯಲ್ಲಿ ಲೆಕ್ಕ ಹಾಕಿದೆವು. ಆ ಅಳತೆಗೆ ಹೊಂದುವ ಹಲ್ಲುಚಕ್ರ ಗಡಿಯಾರ ರಿಪೇರಿಯವರ ಹಳೆಯ ಡಬ್ಬಿಯಲ್ಲಿ ದೊರೆಯಿತು. ಚೌಕದ ತೂತಿನ ಕೀಲಿಯೂ ಅಲ್ಲಿಯೇ ಸಿಕ್ಕಿತು.

ಗಾಲಿಗಳ ಕಥೆ ಬೇರೆ. ಆ ಕಾಲದ ಎಷ್ಟೋ ಆಟಿಕೆಗಳ ಗಾಲಿಗಳು ಸತುವಿನ ಮಿಶ್ರಲೋಹದವು. ಸತುವಿನಲ್ಲಿ ಸೀಸದಂಥ ಕಲಬೆರಕೆ ಅಲ್ಪಸ್ವಲ್ಪ ಇದ್ದರೂ ತೇವದ ಗಾಳಿಗೆ ಲೋಹ ಒಳಗಿನಿಂದಲೇ ಕೆಟ್ಟು, ಉಬ್ಬಿ, ಬಿರಿದು ಪುಡಿಯಾಗುತ್ತದೆ. ಅಂಟಿನಿಂದ ಅದು ನಿಲ್ಲದು. ಬಿರುಕು ಬಿಟ್ಟ ಗಾಲಿಯನ್ನು ಅಳೆದಾಗ ಅದು ಗಟ್ಟಿಯಾದ ಗಾಲಿಗಿಂತ ದೊಡ್ಡದಾಗಿಯೇ ಇತ್ತು! ಕೆಟ್ಟದ್ದನ್ನು ನೋಡಿ ಅಚ್ಚು ತೆಗೆದರೆ ಕೇಡನ್ನೇ ನಕಲು ಮಾಡಿದಂತೆ. ಆದುದರಿಂದ ಗಟ್ಟಿಯಾದ ಒಂದನ್ನೇ ಮಾದರಿಯಾಗಿಟ್ಟು ಸೇಲಂನ ಲೇತ್ ಅಂಗಡಿಯೊಂದರಲ್ಲಿ ಹಿತ್ತಾಳೆಯ ಮೂರು ಗಾಲಿಗಳನ್ನು ಕಡೆಯಿಸಿದೆವು. ಇದು ಹಳಿಗಳ ಅಂತರ 32 ಮಿಲಿಮೀಟರು ಇರುವ ಜಾತಿಯ ಆಟದ ರೈಲು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿಯವರ ಕಾರ್ಖಾನೆ 1920ರಿಂದ ಮಾರಿದ ರೈಲುಗಳದ್ದೂ ಇದೇ ಅಳತೆ. ಹೆಸರಾಂತ ತಯಾರಕರ ರೈಲಾದರೆ ಬಿಡಿಭಾಗಗಳನ್ನು ಈಗಲೂ ಹೊಸದಾಗಿ ಮಾಡಿ ಮಾರುವವರು ವಿದೇಶಗಳಲ್ಲಿದ್ದಾರೆ. ಹೆಸರೇ ಅಳಿಸಿಹೋದದ್ದಕ್ಕೆ ನಮ್ಮ ಅಳತೆಕೋಲೇ ಗತಿ.

ದೊಡ್ಡ ಇಂಜಿನುಗಳಿಗೂ ಇದೇ ನ್ಯಾಯ. ನಮ್ಮ ನೀಲಗಿರಿಯ ಪುಟಾಣಿ ರೈಲನ್ನು ನೋಡಿರಿ. ಅದರ ಎಕ್ಸ್ ವರ್ಗದ ಇಂಜಿನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ತಯಾರಾದವು. ಮೊದಲ ತಂಡ 1914ರದು, ಕೊನೆಯದು 1952ರದು. ಆ ಬಳಿಕ ಬಿಡಿಭಾಗಗಳನ್ನು ಅಂಗಡಿಯಿಂದ ತರುವಂತಿರಲಿಲ್ಲ. ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಯಾಗಾರದವರು ಹಳೆಯ ಇಂಜಿನುಗಳನ್ನು ದುರಸ್ತಿ ಮಾಡುತ್ತ ಮಾಡುತ್ತ, 2011ರಿಂದ ಅದೇ ಮಾದರಿಯ ಹೊಸ ಇಂಜಿನುಗಳನ್ನೇ ಕಟ್ಟಿದರು. 2021ರಲ್ಲಿ ಕಲ್ಲಿದ್ದಲಿನಿಂದ ಓಡುವುದೊಂದು ಹೊರಬಂದಿತು. ಹಳೆಯವು ಉಳಿದಿದ್ದವು, ಆದುದರಿಂದಲೇ ಹೊಸವು ಹುಟ್ಟಿದವು.

ಇನ್ನು ಬಣ್ಣದ ಪ್ರಶ್ನೆ. ಮೊಮ್ಮಗನಿಗೆ ಹೊಳೆಯುವ ಹಸಿರು ಬೇಕಾಗಿತ್ತು. ನಾವು ಇಂಜಿನನ್ನು ಅಜ್ಜಿಯ ಕೈಗೆ ಕೊಟ್ಟೆವು. ಕಣ್ಣು ಮಂಜಾದ ಅವರು ಬೆರಳಿನಿಂದಲೇ ತಡವಿ, ಹೊಗೆಗೂಡಿನ ಬಳಿಯ ತಗ್ಗನ್ನು ಮುಟ್ಟಿ, "ಇದು ನಮ್ಮಣ್ಣ ಬಾವಿಕಟ್ಟೆಯ ಮೇಲಿಂದ ಬೀಳಿಸಿದ್ದು ಕಣಪ್ಪಾ" ಎಂದರು. ಆ ಅಣ್ಣನ ಗುರುತಾಗಿ ಮನೆಯಲ್ಲಿ ಒಂದು ಚಿತ್ರವೂ ಇಲ್ಲವಂತೆ. ಮೊಮ್ಮಗ ಮತ್ತೆ ಬಣ್ಣದ ಮಾತೆತ್ತಲಿಲ್ಲ. ತಗ್ಗು ಹಾಗೆಯೇ ಉಳಿಯಿತು. ಹೊಸ ಗಾಲಿಗಳ ಒಳಬದಿಯಲ್ಲಿ ಇಸವಿಯನ್ನು ಕೊರೆಯಿಸಿದೆವು. ಮುಂದಿನವರಿಗೆ ಯಾವುದು ಹಳೆಯದು, ಯಾವುದು ನಮ್ಮ ಕಾಲದ್ದು ಎಂಬುದು ತಿಳಿಯಬೇಕಲ್ಲವೇ?

ಹೊಲಿಗೆಯಂತ್ರದ ಎಣ್ಣೆ ಒಂದೊಂದು ತೊಟ್ಟು ಬಿದ್ದ ಮೇಲೆ ಇಂಜಿನು ಓಡಿತು. ಜಗಲಿಯ ಅರ್ಧದವರೆಗೆ, ದಡಬಡ ಸದ್ದಿನೊಡನೆ. ಟೆಂಡರನ್ನು ಮಾತ್ರ ನಾವು ಮಾಡಿಸಲಿಲ್ಲ. ಅದರ ಒಂದು ತಗಡೂ ಉಳಿದಿಲ್ಲ. ಅದು ಹೇಗಿತ್ತೆಂಬ ನೆನಪು ಅಜ್ಜಿಗೂ ಇಲ್ಲ. ಒಂದು ಹಲ್ಲುಚಕ್ರವಿದ್ದರೆ ಇನ್ನೊಂದನ್ನು ಲೆಕ್ಕ ಹಾಕಬಹುದು. ಏನೂ ಇಲ್ಲದಲ್ಲಿ ಮಾಡುವುದು ದುರಸ್ತಿಯಲ್ಲ, ಕಟ್ಟುಕಥೆ.

ನಮ್ಮ ಕಿರುಹಳಿಯ ರೈಲಿನ ಸ್ಥಿತಿಯೂ ಈಗ ಆ ಟೆಂಡರಿನದೇ ಆಗುತ್ತಿದೆ. ಧರ್ಮಪುರಿಗೆ ಹೊಸ ಅಗಲ ಹಳಿಯ ಮಾರ್ಗಕ್ಕೆ 2019ರಲ್ಲಿ ಅಡಿಗಲ್ಲು ಬಿದ್ದಿತು, ಸಂತೋಷ. ಅಂಥದೇ ಕಿರುಹಳಿಯ ಇಂಜಿನನ್ನು ಮಕ್ಕಳಿಗೆ ತೋರಿಸಬೇಕೆಂದರೆ 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬಹುದು. ಆದರೆ ನಮ್ಮ ರೈಲಿನಲ್ಲಿ ಕುಳಿತವರು ಈಗ ಬೆರಳೆಣಿಕೆಯಷ್ಟು. ಓದುಗರ ಮನೆಯಲ್ಲಿ ಅಂಥ ಹಿರಿಯರಿದ್ದರೆ, ಹಬ್ಬದ ರಜೆಯಲ್ಲಿ ಮಕ್ಕಳನ್ನು ಅವರ ಬಳಿ ಕೂರಿಸಿರಿ. ಟಿಕೆಟಿಗೆಷ್ಟು, ರೈಲು ಎಲ್ಲಿ ನಿಲ್ಲುತ್ತಿತ್ತು, ಯಾವ ಮೂಟೆಗಳು ಏರುತ್ತಿದ್ದವು ಎಂದು ಕೇಳಿಸಿ, ಒಂದು ನೋಟು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆಯಿಸಿರಿ. ಅಜ್ಜಿಯ ಮಾತುಗಳನ್ನು ನಮ್ಮ ಐದನೆಯ ತರಗತಿಯ ಹುಡುಗಿಯೊಬ್ಬಳು ಬರೆದುಕೊಳ್ಳತೊಡಗಿದ್ದಾಳೆ. ಇದುವರೆಗೆ ಹನ್ನೊಂದು ಪುಟಗಳಾಗಿವೆ.