ಫಲಾಹ್ ಮತ್ತು ಫಲಿತಾಂಶ

ದ್ವಿತೀಯ ಪಿಯುಸಿಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಮನೆಗೆ ಬಂದ ನೆಂಟರು ತಪ್ಪದೇ ಕೇಳುವ ಪ್ರಶ್ನೆ ಒಂದೇ: ‘ಮುಂದೆ ಏನಾಗಬೇಕು ಅಂದುಕೊಂಡಿದ್ದೀಯ?’ ಉತ್ತರವೂ ಸಿದ್ಧವಾಗಿರುತ್ತದೆ. ಡಾಕ್ಟರ್, ಇಂಜಿನಿಯರ್, ಸಿಎ, ಯಾವುದೂ ಆಗದಿದ್ದರೆ ಅಪ್ಪನ ಅಂಗಡಿ. ‘ಹೇಗೆ ಬದುಕಬೇಕು ಅಂದುಕೊಂಡಿದ್ದೀಯ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ನಮಗೂ ಮುಜುಗರವೇ. ಸಾರ್ಥಕ ಬದುಕು, ವ್ಯಕ್ತಿತ್ವ ವಿಕಸನ ಎಂಬ ಮಾತುಗಳು ನಮಗೆ ಹೊಸವಲ್ಲ. ವರ್ಷಕ್ಕೊಮ್ಮೆ ನಡೆಯುವ ಕಾರ್ಯಾಗಾರದ ಬ್ಯಾನರಿನಲ್ಲಿ ಅವು ಇದ್ದೇ ಇರುತ್ತವೆ. ಬ್ಯಾನರ್ ಇಳಿಸಿದ ಮೇಲೆ ಅವುಗಳ ಅರ್ಥವೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಪದಗಳಿಂದಲೇ ಶುರು ಮಾಡಬಹುದು. ನಾವು ದಿನವೂ ಬಳಸುವ ‘ಯಶಸ್ಸು’ ಎಂಬ ಪದದ ಮೂಲ ಅರ್ಥ ಕೀರ್ತಿ. ಕೀರ್ತಿ ಎಂದರೆ ಇನ್ನೊಬ್ಬರು ನಮಗೆ ಕೊಡಬೇಕಾದದ್ದು. ಅವರು ಕೊಡದಿದ್ದರೆ ಇಲ್ಲ. ‘ಸಾರ್ಥಕ’ ಎಂಬುದು ಬೇರೆ ಜಾತಿಯ ಪದ. ಅರ್ಥದಿಂದ ಕೂಡಿದ್ದು ಸಾರ್ಥಕ. ಅದನ್ನು ನೆಂಟರು ಕೊಡಲಾರರು, ಅಂಕಪಟ್ಟಿಯೂ ಕೊಡಲಾರದು.

ಮೂರನೆಯ ಪದ ಅರಬ್ಬಿಯದು. ಮೈಸೂರಿನಲ್ಲಿರುವ ಯಾವ ಧರ್ಮದವರ ಕಿವಿಗೂ ದಿನಕ್ಕೆ ಐದು ಬಾರಿ ಬೀಳುವ ಪದ: ಫಲಾಹ್. ಅಝಾನ್‌ನಲ್ಲಿ ಮೊದಲು ನಮಾಝಿಗೆ, ಆಮೇಲೆ ಫಲಾಹ್‌ನ ಕಡೆಗೆ ಕರೆ ಇದೆ. ಕನ್ನಡದಲ್ಲಿ ಇದನ್ನು ವಿಜಯ, ಯಶಸ್ಸು ಎಂದು ಅನುವಾದಿಸುವುದು ರೂಢಿ. ತಪ್ಪೇನಿಲ್ಲ. ಆದರೆ ಈ ಪದದ ಮೂಲ ಧಾತುವಿಗೆ ಸೀಳುವುದು, ನೆಲವನ್ನು ಉಳುವುದು ಎಂಬ ಅರ್ಥವಿದೆ. ಅರಬ್ಬಿಯಲ್ಲಿ ರೈತನಿಗೆ ‘ಫಲ್ಲಾಹ್’ ಎನ್ನುವುದು ಇದೇ ಧಾತುವಿನಿಂದ. (ಸಂಸ್ಕೃತದ ‘ಫಲ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿವಿಗೆ ಮಾತ್ರ ಹತ್ತಿರ.) ಕುರ್‌ಆನಿನ 23ನೇ ಅಧ್ಯಾಯವಾದ ಅಲ್ ಮುಅ್‌ಮಿನೂನ್ ಇದೇ ಧಾತುವಿನ ಕ್ರಿಯಾಪದದಿಂದ ಆರಂಭವಾಗುತ್ತದೆ. ಅಲ್ಲಿ ಫಲಾಹ್ ಪಡೆದವರು ಯಾರು ಎಂಬ ವಿವರಣೆ ಬರುತ್ತದೆ. ನಮಾಝಿನಲ್ಲಿ ವಿನಯ, ವ್ಯರ್ಥ ಮಾತಿನಿಂದ ದೂರ, ಝಕಾತ್, ಶೀಲ, ವಹಿಸಿಕೊಟ್ಟ ಅಮಾನತ್ತಿನ ಮತ್ತು ಕೊಟ್ಟ ಮಾತಿನ ಪಾಲನೆ, ಕೊನೆಯಲ್ಲಿ ಮತ್ತೆ ನಮಾಝ್. ಹುದ್ದೆ, ಆದಾಯ, ರ‍್ಯಾಂಕ್ ಅಲ್ಲಿಲ್ಲ. ಇರುವುದೆಲ್ಲ ಇಂದು ಮಾಡಿ ನಾಳೆಯೂ ಮಾಡಬೇಕಾದ ಕೆಲಸಗಳು, ಉಳುಮೆಯ ಹಾಗೆ.

ಕನ್ನಡದಲ್ಲೂ ಈ ಅರಿವು ಇಲ್ಲದೇ ಇಲ್ಲ. ಬರೆಯುವವರ ಕೆಲಸವನ್ನು ನಾವು ‘ಸಾಹಿತ್ಯ ಕೃಷಿ’ ಎನ್ನುತ್ತೇವೆ. ಮಂಡ್ಯ, ನಂಜನಗೂಡು, ಹುಣಸೂರಿನ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಕೃಷಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಉಳುವುದು, ಬಿತ್ತುವುದು, ಕಳೆ ಕೀಳುವುದು ನಮ್ಮ ಕೈಯಲ್ಲಿದೆ. ಮಳೆಯೂ ಮಾರುಕಟ್ಟೆಯ ದರವೂ ನಮ್ಮ ಕೈಯಲ್ಲಿಲ್ಲ. ಹಾಗೆಂದು ರೈತ ನೇಗಿಲು ಕೆಳಗಿಡುವುದಿಲ್ಲ.

ಸಾಹಿತ್ಯ ಕೃಷಿ ಎಂದ ಕೂಡಲೇ ನಮ್ಮ ಲಕ್ಷ್ಮೀಪುರಂನದೇ ಒಂದು ಉದಾಹರಣೆ ನೆನಪಾಗುತ್ತದೆ. ಆರ್.ಕೆ. ನಾರಾಯಣ್ ಹೆಸರು ಹೇಳಿದರೆ ಎಲ್ಲರೂ ಯಾದವಗಿರಿಯ ಮನೆಯನ್ನು ತೋರಿಸುತ್ತಾರೆ. ಈಗ ವಸ್ತುಸಂಗ್ರಹಾಲಯವಾಗಿರುವ ಮನೆ ಅದೇ. ಆದರೆ ಆ ಮನೆ ಕಟ್ಟುವುದಕ್ಕೆ ಮೊದಲು ಅವರ ದೊಡ್ಡ ಕುಟುಂಬ ಬಾಡಿಗೆಗೆ ಇದ್ದದ್ದು ಇದೇ ಲಕ್ಷ್ಮೀಪುರಂನಲ್ಲಿ. ಮಹಾರಾಜ ಕಾಲೇಜೂ ಹಳೆಯ ಮಾರುಕಟ್ಟೆಯೂ ಇಲ್ಲಿಂದ ನಡೆದು ಹೋಗುವಷ್ಟು ದೂರ. ಅವರು ನಡೆಯುತ್ತಿದ್ದರು ಕೂಡ.

1906ರಲ್ಲಿ ಮದರಾಸಿನಲ್ಲಿ ಹುಟ್ಟಿ, ಅಜ್ಜಿಯ ಮನೆಯಲ್ಲಿ ಬೆಳೆದ ನಾರಾಯಣ್ ಹೈಸ್ಕೂಲು ಓದಲು ಮೈಸೂರಿಗೆ ಬಂದರು. ತಂದೆ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮುಖ್ಯೋಪಾಧ್ಯಾಯರ ಮಗ ವಿಶ್ವವಿದ್ಯಾನಿಲಯ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರೆ ಮನೆಯಲ್ಲೂ ಬೀದಿಯಲ್ಲೂ ಏನಾಗುತ್ತದೆ ಎಂದು ನೀವೇ ಊಹಿಸಿಕೊಳ್ಳಬಹುದು. ನಾರಾಯಣ್ ನಪಾಸಾದರು. ಆ ಪರೀಕ್ಷೆ ಇಂದಿನ ನಿಮ್ಮ ಪಿಯುಸಿಯಷ್ಟೇ ನಿರ್ಣಾಯಕ. ಈಗ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಹಿಂದೆ ಬಿದ್ದರೆ ಕೆಲವು ವಾರಗಳಲ್ಲೇ ಮತ್ತೊಂದು ಬರುತ್ತದೆ. ಆಗ ಇಡೀ ಒಂದು ವರ್ಷ ಮನೆಯಲ್ಲಿ ಕೂರಬೇಕಿತ್ತು.

ಆ ವರ್ಷವನ್ನು ಅವರು ಓದಿನಲ್ಲಿ ಕಳೆದರು. ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ಹೋಗುವುದು, ಅಲ್ಲಿ ಕೂತು ಓದುವುದು, ಏನಾದರೂ ಗೀಚುವುದು. 1926ರಲ್ಲಿ ಪರೀಕ್ಷೆ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಅಲ್ಲಿಯೂ ಬಿ.ಎ. ಪದವಿಗೆ ಬೇರೆಯವರಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು. 1930ರಲ್ಲಿ ಪದವಿ ಬಂತು. ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ಬಂದರು. ಅದೇ 1930ರ ವಿಜಯದಶಮಿಯಂದು, ಅಜ್ಜಿ ನೋಡಿಕೊಟ್ಟ ಮುಹೂರ್ತದಲ್ಲಿ, ಬೆಂಗಳೂರಿನಲ್ಲಿ ಕೂತು ಮೊದಲ ಕಾದಂಬರಿ ಶುರು ಮಾಡಿದರು. ಮಾಲ್ಗುಡಿ ಎಂಬ ಊರು ಹುಟ್ಟಿದ್ದು ಆಗ.

ಬರೆದದ್ದಾಯಿತು, ಪ್ರಕಟಿಸುವವರು ಯಾರು? ಪ್ರಕಾಶಕರಿಂದ ಹಸ್ತಪ್ರತಿ ಮತ್ತೆ ಮತ್ತೆ ಹಿಂದಿರುಗಿತು. ಕೊನೆಗೆ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯನಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂಬ ಅರ್ಥದಲ್ಲಿ ಬರೆದರು. ಗೆಳೆಯ ಎಸೆಯಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ತೋರಿಸಿದ. ಗ್ರೀನ್ ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂತು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ನಿಮ್ಮ ತಂದೆ ತಾಯಿ ನೋಡಿದ ಆ ಹುಡುಗ ಸ್ವಾಮಿ, ಒಬ್ಬ ಗೆಳೆಯ ಹೇಳಿದ ಮಾತು ಕೇಳದೇ ಇದ್ದದ್ದರಿಂದ ಉಳಿದುಕೊಂಡವನು. ಇಂಥ ಗೆಳೆಯರನ್ನು ಸಂಪಾದಿಸುವುದಕ್ಕೆ ಯಾವ ಕೋಚಿಂಗ್ ಸೆಂಟರಿನಲ್ಲೂ ತರಗತಿ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ‘ಸೋತವನು ಗೆದ್ದ’ ಎಂಬ ಕಥೆಯಾಗುತ್ತದೆ. ಅಂಥ ಕಥೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಬೇಕಾದಷ್ಟು ಓದಿದ್ದೀರಿ. ನಾರಾಯಣ್ ಬದುಕಿನ ನಿಜವಾದ ಪರೀಕ್ಷೆ ಪುಸ್ತಕ ಬಂದ ಮೇಲಿನದು. 1939ರಲ್ಲಿ ಅವರ ಪತ್ನಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಮದುವೆಯಾಗಿ ಹೆಚ್ಚು ವರ್ಷಗಳಾಗಿರಲಿಲ್ಲ. ಮಗಳು ಪುಟ್ಟ ಮಗು. ಪ್ರಕಟವಾದ ಪುಸ್ತಕಗಳು, ಗ್ರೀನ್‌ನ ಮೆಚ್ಚುಗೆ ಯಾವುದೂ ಆಗ ಉಪಯೋಗಕ್ಕೆ ಬರಲಿಲ್ಲ. ಬರೆಯುವ ಮನಸ್ಸೇ ಹೋಯಿತು. ಮಗಳನ್ನು ನೋಡಿಕೊಂಡರು. ಕೂಡು ಕುಟುಂಬ ಅವರಿಬ್ಬರನ್ನೂ ನೋಡಿಕೊಂಡಿತು. ಮರುಮದುವೆಯಾಗಲಿಲ್ಲ. ಬರವಣಿಗೆಗೆ ಮರಳಿದಾಗ ಆ ದುಃಖವನ್ನೇ ಬರೆದರು. 1945ರಲ್ಲಿ ಬಂದ ‘ದಿ ಇಂಗ್ಲಿಷ್ ಟೀಚರ್’ ಆ ಅನುಭವದಿಂದ ಹುಟ್ಟಿದ ಕಾದಂಬರಿ. ಅವರನ್ನು ಜಗತ್ತಿಗೆ ಪರಿಚಯಿಸಿದ ‘ದಿ ಗೈಡ್’ ಬಂದದ್ದು 1958ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1960ರಲ್ಲಿ. ಆ ಎರಡು ದಶಕಗಳನ್ನು ಯಾವ ‘ಸಾಧನೆ’ಯ ಪಟ್ಟಿಯೂ ತೋರಿಸುವುದಿಲ್ಲ. ವೈಯಕ್ತಿಕ ಬೆಳವಣಿಗೆ ಎಂದು ನಾವು ಕರೆಯುವುದು ನಡೆಯುವುದು ಇಂಥ, ಹೊರಗೆ ಏನೂ ಕಾಣದ ವರ್ಷಗಳಲ್ಲೇ ಎಂದು ನನಗೆ ಅನಿಸುತ್ತದೆ.

ಒಂದು ಆಕ್ಷೇಪಣೆಯನ್ನು ಇಲ್ಲಿ ಪ್ರಾಮಾಣಿಕವಾಗಿ ಎದುರಿಸಬೇಕು. ಕೆಲಸ ಬಿಟ್ಟು ಬಂದ ನಾರಾಯಣ್‌ಗೆ ತಟ್ಟೆಯಲ್ಲಿ ಅನ್ನವಿತ್ತು. ಶಿಕ್ಷಿತ ಕುಟುಂಬ, ಇಂಗ್ಲಿಷ್ ಪುಸ್ತಕಗಳಿದ್ದ ಮನೆ. ಬೆಳಿಗ್ಗೆ ಹಾಲು ಹಾಕಿ, ಸಂಜೆ ಗ್ಯಾರೇಜಿನಲ್ಲಿ ಕೆಲಸ ಮಾಡಿ ಕಾಲೇಜಿಗೆ ಬರುವ ನಮ್ಮ ಹುಡುಗರಿಗೆ, ಪಿಯುಸಿ ಮುಗಿದರೆ ಸಾಕು ಎನ್ನುವ ಮನೆಯಿಂದ ಬರುವ ಹುಡುಗಿಯರಿಗೆ ಈ ಮಾತು ಹೇಗೆ ಅನ್ವಯಿಸುತ್ತದೆ? ದುಡ್ಡು ಮುಖ್ಯವಲ್ಲ ಎಂದು ದುಡ್ಡಿಲ್ಲದವರ ಎದುರು ಹೇಳುವುದು ಸರಿಯಲ್ಲ. ಮನೆಯ ಕಷ್ಟ ನೀಗಿಸಲು ಒಳ್ಳೆಯ ಕೋರ್ಸು, ಒಳ್ಳೆಯ ಕೆಲಸ ಬೇಕೆಂದು ಹಟ ಹಿಡಿದು ಓದುವುದೂ ಉಳುಮೆಯೇ.

ಆದರೂ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ರಾಜೀವ್‌ನಗರಕ್ಕೆ ಹೋದರೆ ಸಾಕು. ಅಲ್ಲಿನ ಕೂಲಿ ಕಾರ್ಮಿಕ ಸೈಯದ್ ಇಸಾಕ್ ಅವರಿಗೆ ಶಾಲೆಯಲ್ಲಿ ಓದುವ ಅವಕಾಶ ಸಿಗಲಿಲ್ಲ. ತಮಗೆ ಸಿಗದ ಓದು ಬೇರೆಯವರಿಗೆ ಸಿಗಲಿ, ಬಡಾವಣೆಯ ಜನ ಕನ್ನಡ ಓದಲಿ ಎಂದು ತಮ್ಮ ದುಡಿಮೆಯ ಹಣ ಹಾಕಿ, ಪುಸ್ತಕ ಕೇಳಿ ತಂದು, ಒಂದು ಸಣ್ಣ ಶೆಡ್ಡಿನಲ್ಲಿ ಉಚಿತ ಗ್ರಂಥಾಲಯ ನಡೆಸಿದರು. ಸುಮಾರು 11,000 ಪುಸ್ತಕಗಳಾದವು, ಬಹುಪಾಲು ಕನ್ನಡದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಮೂರೂ ಅಲ್ಲಿದ್ದವು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದೆಲ್ಲ ಸುಟ್ಟು ಬೂದಿಯಾಯಿತು. ಹತ್ತು ವರ್ಷಗಳ ಫಲ ಒಂದು ರಾತ್ರಿಯಲ್ಲಿ ಇಲ್ಲವಾದ ಮೇಲೆ ಮನುಷ್ಯ ಏನು ಮಾಡಬೇಕು? ಅವರು ಅದೇ ಜಾಗದಲ್ಲಿ ಮತ್ತೆ ಗ್ರಂಥಾಲಯ ಮಾಡುತ್ತೇನೆಂದರು. ಸುದ್ದಿ ಓದಿದ ಜನ, ಅವರ ಹೆಸರನ್ನೇ ಕೇಳಿರದ ಜನ, ಎಲ್ಲೆಲ್ಲಿಂದಲೋ ಪುಸ್ತಕ ಮತ್ತು ನೆರವಿನೊಂದಿಗೆ ಮುಂದೆ ಬಂದರು. ಇಸಾಕ್ ಅವರ ಬಳಿ ಅಂಕಪಟ್ಟಿ ಇಲ್ಲ. ‘ಏನಾಗಬೇಕು’ ಎಂಬ ಪ್ರಶ್ನೆಗೆ ನೆಂಟರು ಒಪ್ಪುವಂಥ ಉತ್ತರವೂ ಇಲ್ಲ. ಅವರ ಬದುಕು ಸಾರ್ಥಕವಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಇದಕ್ಕೆ ಪೂರ್ತಿ ವಿರುದ್ಧ ತುದಿಯ ಉದಾಹರಣೆ ನಮ್ಮ ಪರಂಪರೆಯಲ್ಲೇ ಇದೆ. ಇಮಾಮ್ ಗಝಾಲಿ (ರ) 1091ರಲ್ಲಿ, ಮೂವತ್ತಮೂರರ ಆಸುಪಾಸಿನ ವಯಸ್ಸಿನಲ್ಲಿ, ಬಾಗ್ದಾದಿನ ನಿಝಾಮಿಯಾ ವಿದ್ಯಾಪೀಠದ ಪ್ರಾಧ್ಯಾಪಕರಾದರು. ಅಂದಿನ ವಿದ್ವತ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಹೆಚ್ಚು ಇರಲಿಲ್ಲ. ನೂರಾರು ಶಿಷ್ಯರು, ಆಸ್ಥಾನದ ಗೌರವ. ನಾಲ್ಕೇ ವರ್ಷಗಳಲ್ಲಿ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತು: ನಾನು ಪಾಠ ಹೇಳುತ್ತಿರುವುದು ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ? ಆ ತೊಳಲಾಟ ಎಷ್ಟು ತೀವ್ರವಾಯಿತೆಂದರೆ ತರಗತಿಯಲ್ಲಿ ನಾಲಿಗೆ ಏಳದಾಯಿತು, ಊಟ ಸೇರದಾಯಿತು. ಇಂದಾಗಿದ್ದರೆ ವೈದ್ಯರು ಇದನ್ನು ಮಾನಸಿಕ ಒತ್ತಡ ಎನ್ನುತ್ತಿದ್ದರೇನೋ. 1095ರಲ್ಲಿ ಹುದ್ದೆ ಬಿಟ್ಟು ದಮಾಸ್ಕಸ್, ಜೆರುಸಲೇಮ್, ಮಕ್ಕಾಗಳತ್ತ ಹೊರಟರು. ‘ಇಹ್ಯಾ ಉಲೂಮುದ್ದೀನ್’ ಎಂಬ ಮಹಾಗ್ರಂಥ ರೂಪುಗೊಂಡದ್ದು ಈ ವರ್ಷಗಳಲ್ಲಿ. ಗಮನಿಸಬೇಕಾದ ಸಂಗತಿ, ಅವರು ಕೊನೆಯವರೆಗೂ ಏಕಾಂತದಲ್ಲೇ ಉಳಿಯಲಿಲ್ಲ. 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠ ಹೇಳತೊಡಗಿದರು. ಬಿಟ್ಟದ್ದು ಪಾಠ ಮಾಡುವ ಕೆಲಸ, ಮರಳಿದ್ದೂ ಅದೇ ಕೆಲಸಕ್ಕೆ. ಬದಲಾದದ್ದು ಅದನ್ನು ಯಾಕೆ ಮಾಡಬೇಕು ಎಂಬುದು ಮಾತ್ರ. ಮೆಡಿಕಲ್ ಸೀಟು ಸಿಕ್ಕವರೂ ಸಿಗದವರೂ ಈ ಕಥೆಯನ್ನು ಒಮ್ಮೆ ಓದಬಹುದು. ಸೀಟು ಸಿಕ್ಕವರು ತುಸು ಹೆಚ್ಚೇ ಗಮನವಿಟ್ಟು.

ಆಧುನಿಕ ಸಂಶೋಧನೆಯ ಮಾತನ್ನೂ ಸೇರಿಸಬೇಕು. ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾದ ಒಂದು ಅಧ್ಯಯನ, ಹಾರ್ವರ್ಡ್ ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಕುಟುಂಬಗಳ ಹುಡುಗರನ್ನೂ ಅವರ ಮುಪ್ಪಿನವರೆಗೆ ಹಿಂಬಾಲಿಸಿತು. ಆರೋಗ್ಯ, ಕೆಲಸ, ಸಂಸಾರ ಎಲ್ಲವನ್ನೂ ದಾಖಲಿಸಿತು. ಮುಪ್ಪಿನಲ್ಲಿ ಯಾರು ನೆಮ್ಮದಿಯಾಗಿ, ಆರೋಗ್ಯವಾಗಿ ಇರುತ್ತಾರೆ ಎಂಬುದನ್ನು ಅವರ ಹಣ, ಹೆಸರುಗಳಿಗಿಂತ ಹತ್ತಿರದವರೊಂದಿಗಿನ ಸಂಬಂಧ ಹೇಗಿತ್ತು ಎಂಬುದು ಚೆನ್ನಾಗಿ ಸೂಚಿಸುತ್ತದೆ ಎಂಬುದು ಅದರ ಮುಖ್ಯ ತೀರ್ಮಾನ. ಹಸ್ತಪ್ರತಿಯನ್ನು ನದಿಗೆ ಎಸೆಯದ ಗೆಳೆಯ, ತಾಯಿಯಿಲ್ಲದ ಮಗುವನ್ನು ಎತ್ತಿಕೊಂಡ ಲಕ್ಷ್ಮೀಪುರಂನ ಆ ತುಂಬಿದ ಮನೆ ಇವೆಲ್ಲ ನೆನಪಿದ್ದರೆ ಈ ತೀರ್ಮಾನ ಅಚ್ಚರಿ ಹುಟ್ಟಿಸುವುದಿಲ್ಲ.

ಹಾಗಾದರೆ ಹದಿನೇಳನೆಯ ವಯಸ್ಸಿನಲ್ಲಿ ಉಳುಮೆ ಎಂದರೇನು? ಅದು ತುಂಬ ಸಣ್ಣ ಕೆಲಸ. ಪರೀಕ್ಷೆಗೆ ಸಂಬಂಧವಿಲ್ಲದ ಎರಡು ಪುಟಗಳನ್ನು ದಿನವೂ ಓದುವುದು, ಮುರಿದ ಸ್ನೇಹವನ್ನು ತಾನೇ ಮುಂದಾಗಿ ಮಾತಾಡಿ ಸರಿಪಡಿಸುವುದು, ತಂಗಿಗೆ ಲೆಕ್ಕ ಹೇಳಿಕೊಡುವುದು, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಒಂದು ಗಂಟೆ ಕೂರುವುದು. ಎಷ್ಟು ಎನ್ನುವುದಕ್ಕಿಂತ ಎಷ್ಟು ನಿರಂತರ ಎನ್ನುವುದಕ್ಕೆ ಬೆಲೆ ಕೊಡುವ ಹದೀಸ್ ಒಂದನ್ನು ನಮ್ಮಲ್ಲಿ ಅನೇಕರು ಮದ್ರಸದಲ್ಲೇ ಕೇಳಿರುತ್ತೇವೆ. ನಡುವೆ ನಾಲ್ಕು ದಿನ ತಪ್ಪಿಹೋದರೆ ಐದನೆಯ ದಿನ ಮತ್ತೆ ಕೂರಬೇಕು. ಕೆಲವರಿಗೆ ಇದರಲ್ಲಿ ಅತಿ ಕಷ್ಟದ ಭಾಗವೇ ಈ ಐದನೆಯ ದಿನ. ಮನಸ್ಸು ತೀರ ಕುಗ್ಗಿ ಕೂರಲೇ ಆಗದಿದ್ದರೆ ಅದನ್ನು ಒಬ್ಬರೇ ಹೊರಬೇಕಾಗಿಲ್ಲ. ಮನೆಯವರಲ್ಲೋ, ನಂಬುವ ಉಪನ್ಯಾಸಕರಲ್ಲೋ, ವೈದ್ಯರಲ್ಲೋ ಹೇಳಿಕೊಳ್ಳಿ. ಗಝಾಲಿಯಂಥವರ ನಾಲಿಗೆಯೇ ಕಟ್ಟಿಹೋಗಿತ್ತು.

ನಾರಾಯಣ್ ಕಥೆಯಲ್ಲಿ ಒಂದು ಭಾಗ ಉಳಿದಿದೆ. ಅವರು ಇಳಿವಯಸ್ಸಿನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಎಂಬತ್ತು ದಾಟಿದ, ಜಗತ್ತಿನಾದ್ಯಂತ ಹೆಸರಾದ ಲೇಖಕ. ಅಲ್ಲಿ ಯಾವ ವಿಷಯವನ್ನಾದರೂ ಎತ್ತಬಹುದಿತ್ತು. 1989ರಲ್ಲಿ ಅವರು ಎದ್ದು ನಿಂತು ಮಾತಾಡಿದ್ದು ಶಾಲೆಯ ಮಕ್ಕಳ ಬೆನ್ನ ಮೇಲಿನ ಬ್ಯಾಗಿನ ಭಾರದ ಬಗ್ಗೆ, ಪಾಠ ಮತ್ತು ಹೋಮ್‌ವರ್ಕಿನ ನಡುವೆ ಕಳೆದುಹೋಗುವ ಬಾಲ್ಯದ ಬಗ್ಗೆ. ಆ ಚರ್ಚೆಯ ಮುಂದುವರಿಕೆಯಾಗಿ ಕೇಂದ್ರ ಸರ್ಕಾರ ವಿಜ್ಞಾನಿ ಪ್ರೊ. ಯಶ್‌ಪಾಲ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿ 1993ರಲ್ಲಿ ಕೊಟ್ಟ ವರದಿಗೆ ‘ಹೊರೆಯಿಲ್ಲದ ಕಲಿಕೆ’ ಎಂಬರ್ಥದ ಹೆಸರಿತ್ತು. ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಕೂತು ಓದುತ್ತಿದ್ದ ಹುಡುಗ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಆ ವಯಸ್ಸನ್ನು ಮರೆತಿರಲಿಲ್ಲ.